ಮೂಗಿನಕ್ಕನ ಹನ್ನೊಂದು ತಿಂಗಳು

ಊರಿನ ಬೀದಿಗಳಲ್ಲಿ ಗ್ಯಾಸ್ ಪೈಪು ಮುಚ್ಚಿಸಿ ಮನೆಮನೆಗೂ ಕರೆಂಟ್ ಒಲೆ ಬರುವಂತೆ ಮಾಡಿದವರು ಯಾರು ಎಂದು ಕೇಳಿದರೆ, ಗ್ಯಾಸ್ ಆಫೀಸಿನವರು ಎರಡನೇ ಮಾತಿಲ್ಲದೆ ಮೂಗಿನಕ್ಕನ ಕಡೆ ಕೈ ತೋರಿಸುತ್ತಿದ್ದರು. ನೋಟೀಸ್ ಬೋರ್ಡಿನಲ್ಲಿ ಅವಳ ಫೋಟೋ ಅಂಟಿಸಿದ್ದರು. ಅದರ ಕೆಳಗೆ, ನಾಳೆಯ ಗಾಳಿಗಾಗಿ ಇಂದು ನಡೆದವಳು ಎಂದು ಯಾರೋ ಉತ್ಸಾಹಿಗಳು ಬಣ್ಣದ ಪೆನ್ನಿನಲ್ಲಿ ಬರೆದಿದ್ದರು. ಅವಳಿಗೆ ಭೂಮಿ ಬಿಸಿಯಾಗುವ ಚಿಂತೆ, ಹೊಗೆಯ ಚಿಂತೆ, ಮುಂದೆ ಹುಟ್ಟಲಿರುವವರ ಚಿಂತೆ ಎಂದು ಎಲ್ಲರೂ ತಿಳಿದಿದ್ದರು. ಆ ಚಿಂತೆಗಳೆಲ್ಲ ಅವಳಿಗೆ ಬಂದದ್ದೂ ನಿಜವೇ, ಆದರೆ ತಡವಾಗಿ, ಹಿಂದಿನ ಬಾಗಿಲಿನಿಂದ. ಮೊದಲು ಬಂದದ್ದು ಬೇರೊಂದು ಚಿಂತೆ. ಅವಳಿಗೆ ವಾಸನೆ ತಿಳಿಯುವುದು ನಿಂತುಹೋಗಿತ್ತು, ಅದು ಯಾರಿಗೂ ಗೊತ್ತಾಗಬಾರದಿತ್ತು.

ಕಣ್ಣು ಮಂಜಾದ ದರ್ಜಿ ಕನ್ನಡಕ ಹಾಕಿಕೊಳ್ಳಬಹುದು. ಮೂಗು ಕೆಟ್ಟ ಮೂಗಿನಕ್ಕ ಏನು ಮಾಡಬೇಕು? ಅವಳ ಉದ್ಯೋಗವೇ ಮೂಸುವುದು. ಪೈಪಿನಲ್ಲಿ ಬರುವ ಗ್ಯಾಸಿಗೆ ತನ್ನದೇ ಆದ ವಾಸನೆಯಿಲ್ಲ. ಸೋರಿದರೆ ಜನರಿಗೆ ತಿಳಿಯಲಿ ಎಂದು ಆಫೀಸಿನವರೇ ಅದಕ್ಕೆ ಕೊಳೆತ ಮೊಟ್ಟೆಯ ವಾಸನೆಯ ಒಂದು ಮದ್ದು ಬೆರೆಸುತ್ತಾರೆ. ಆ ವಾಸನೆ ಎಲ್ಲಾದರೂ ತಲೆ ಎತ್ತಿದೆಯೇ ಎಂದು ಬೀದಿ ಬೀದಿ ತಿರುಗಿ, ಮನೆಯೊಳಗೂ ಹೋಗಿ ನೋಡುವವರಿಗೆ ಲೈನಿನವರು ಎಂದು ಹೆಸರು. ಒಂದು ಕೈಯಲ್ಲಿ ಗ್ಯಾಸ್ ಹಿಡಿಯುವ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ರಿಜಿಸ್ಟರು. ಪೆಟ್ಟಿಗೆ ಏನು ಹೇಳಿತು, ಮೂಗು ಏನು ಹೇಳಿತು, ಎರಡನ್ನೂ ಬೇರೆ ಬೇರೆ ಬರೆದು ಸಹಿ ಹಾಕಬೇಕು. ಪೆಟ್ಟಿಗೆ ಕೆಟ್ಟರೆ ಮೂಗಿದೆ, ಮೂಗು ಕಟ್ಟಿದರೆ ಪೆಟ್ಟಿಗೆಯಿದೆ ಎಂಬುದು ಹಳೆಯ ಕಾಲದವರ ಲೆಕ್ಕಾಚಾರ.

ಇಪ್ಪತ್ತಾರು ವರ್ಷದ ಹಿಂದೆ ಅವಳು ಈ ಕೆಲಸಕ್ಕೆ ಅರ್ಜಿ ಹಾಕಿದಾಗ ಪರೀಕ್ಷೆಗೆಂದು ಮೇಜಿನ ಮೇಲೆ ಐದು ಗಾಜಿನ ಜಾಡಿ ಇಟ್ಟಿದ್ದರು. ಮದ್ದು ಯಾವುದರಲ್ಲಿದೆ ಹೇಳಬೇಕು. ನಾಲ್ಕನ್ನು ಅವಳು ಸರಿಯಾಗಿ ಹೇಳಿದಳು. ಐದನೆಯದು ಖಾಲಿ ಜಾಡಿ. "ಇದರಲ್ಲೂ ಇದೆ ಸಾರ್, ಸ್ವಲ್ಪ," ಎಂದಳು. ಅಧಿಕಾರಿ ಮೂಗು ಮುರಿದರು, ತೊಳೆದಿಟ್ಟ ಜಾಡಿಯಮ್ಮ ಎಂದರು. ಅವಳು ಜಪ್ಪಯ್ಯ ಎಂದರೂ ಮಾತು ಬದಲಿಸಲಿಲ್ಲ. ವಿಚಾರಿಸಿದರೆ, ಜಾಡಿ ತೊಳೆದವನು ಮದ್ದಿನ ಜಾಡಿ ಒರೆಸಿದ ಬಟ್ಟೆಯಲ್ಲೇ ಅದನ್ನೂ ಒರೆಸಿದ್ದ. ಅಧಿಕಾರಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅವಳಿಗೆ ಅಲ್ಲೇ ನೌಕರಿಯಾಯಿತು, ವಾರದೊಳಗೆ ಹೆಸರೂ ಬದಲಾಯಿತು. ತಾಯ್ತಂದೆ ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಒಮ್ಮೆ ನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಗ್ಯಾಸ್ ವಾಸನೆಯೆಂದು ಮೂವತ್ತು ಸಂಸಾರಗಳು ಹಾಸಿಗೆ ಬಟ್ಟೆ ಸಮೇತ ರಸ್ತೆಗಿಳಿದಿದ್ದವು. ಇವಳು ಹೋದಳು, ಬಾಗಿಲಲ್ಲಿ ನಿಂತು ಎರಡು ಸಲ ಉಸಿರೆಳೆದಳು, ನೇರವಾಗಿ ಮೂರನೇ ಮಹಡಿಯ ಹೊಸ ದಂಪತಿಗಳ ಕೋಣೆಗೆ ಹೋಗಿ ಮಂಚದ ಕೆಳಗಿಂದ ಒಂದು ಊಟದ ಡಬ್ಬಿ ಎಳೆದಳು. ಹೋದ ತಿಂಗಳು ಪ್ರವಾಸಕ್ಕೆಂದು ಕಟ್ಟಿ ಮರೆತ ಬೇಯಿಸಿದ ಮೊಟ್ಟೆಗಳು ಅದರಲ್ಲಿದ್ದವು. ಬೇರೆಯವರ ಮನೆಯಲ್ಲಿ ಮೂಗು ತೂರಿಸುವುದಕ್ಕೆ ಸಂಬಳ ಪಡೆಯುವವಳು ಊರಿಗೆಲ್ಲ ನನ್ನ ಹೆಂಡತಿಯೊಬ್ಬಳೇ ಎಂದು ಅವಳ ಗಂಡ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನ ಹಾಸ್ಯಕ್ಕೆ ಅವಳು ನಗದಿದ್ದರೆ ಅದನ್ನೇ ಮತ್ತೊಮ್ಮೆ ಹೇಳುವ ಜಾತಿಯ ಮನುಷ್ಯ.

ಹೀಗಿದ್ದ ಮೂಗು ಒಂದು ಮಳೆಗಾಲದಲ್ಲಿ ಕೈ ಕೊಟ್ಟಿತು. ನಾಲ್ಕು ದಿನ ಜ್ವರ, ಒಂದು ವಾರ ನೆಗಡಿ. ಎಲ್ಲ ವಾಸಿಯಾಯಿತೆಂದು ಕೆಲಸಕ್ಕೆ ಹೋದಳು. ಲೈನಿನವರು ಬೆಳಿಗ್ಗೆ ಹೊರಡುವ ಮೊದಲು ಆಫೀಸಿನಲ್ಲಿ ಒಂದು ಸಣ್ಣ ಶೀಶೆಯ ಮುಚ್ಚಳ ತೆಗೆದು ಮೂಸಿ ಸಹಿ ಹಾಕಬೇಕು. ಶೀಶೆಯಲ್ಲಿರುವುದು ಅದೇ ಮದ್ದು. ವಾಸನೆ ಬಂದರೆ ಆ ದಿನದ ಮೂಗು ಸರಿಯಿದೆ ಎಂದರ್ಥ. ಅವಳು ಮುಚ್ಚಳ ತೆಗೆದು ಮೂಸಿದಳು. ಏನೂ ಇಲ್ಲ. ಶೀಶೆ ಖಾಲಿಯಿರಬೇಕೆಂದು ಅಲುಗಾಡಿಸಿದಳು. ಅದೂ ಸಾಲದೆಂದು ತಲೆಕೆಳಗು ಮಾಡಿ ಅಂಗೈಗೆ ಹೊಯ್ದುಕೊಂಡಳು. ನಾಲ್ಕು ಹನಿ ಅಂಗೈಗೆ ಬಿದ್ದವು, ಉಳಿದದ್ದೆಲ್ಲ ಅವಳ ಖಾಕಿ ಕೋಟಿನ ಮೇಲಾಯಿತು.

ಮುಂದಿನ ಕ್ಷಣ ಕೋಣೆಯಲ್ಲಿ ಕುರ್ಚಿಗಳು ಉರುಳಿದವು. ಉದ್ದಣ್ಣ ಎಂಬ ಸಹೋದ್ಯೋಗಿ, ಬಾಗಿಲಲ್ಲಿ ಯಾವಾಗಲೂ ತಲೆ ಬಗ್ಗಿಸಿಯೇ ಓಡಾಡುವ ಆಸಾಮಿ, ಆ ದಿನ ಬಗ್ಗಿಸಲು ಮರೆತು ಹಣೆ ಬಡಿಸಿಕೊಂಡು ಹೊರಗೋಡಿದ. ಗುಮಾಸ್ತರು ಕಿಟಕಿ ಹಾರಿದರು. ಕೋಣೆಯ ನಡುವೆ, ಅಂಗೈಯನ್ನು ಮುಖದ ಹತ್ತಿರ ಹಿಡಿದುಕೊಂಡು, ಇವರಿಗೆಲ್ಲ ಏನಾಯಿತು ಎಂದು ನೋಡುತ್ತ ಅವಳೊಬ್ಬಳೇ ನಿಂತಿದ್ದಳು. ಆಗ ಅರ್ಥವಾಯಿತು.

"ಏನಕ್ಕಾ ಇದು, ಕೊಲ್ತೀರಾ?" ಎಂದು ಹೊರಗಿನಿಂದ ಉದ್ದಣ್ಣ ಕೆಮ್ಮುತ್ತ ಕೇಳಿದ.

"ನಿಮ್ಮ ಮೂಗೆಲ್ಲ ಕೆಲಸ ಮಾಡ್ತಿದೆಯಾ ಅಂತ ನೋಡ್ದೆ," ಎಂದಳು ಅವಳು. "ಪರವಾಗಿಲ್ಲ, ಪಾಸು."

ಎಲ್ಲರೂ ನಕ್ಕರು. ಕಳ್ಳಾಟದ ಮೊದಲ ದಿನ ಹಾಗೆ ನಗುವಿನಲ್ಲೇ ಕಳೆಯಿತು.

ಡಾಕ್ಟರ ಹತ್ತಿರ ಗುಟ್ಟಾಗಿ ಹೋದಳು. ಬಂದರೆ ಬಂತು, ಬಾರದಿದ್ದರೆ ಇಲ್ಲ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಅವಳು ಕಾದಳು. ಹೇಳಿಬಿಟ್ಟರೆ ಆಫೀಸಿನವರು ಗಲ್ಲಿಗೇನೂ ಹಾಕುತ್ತಿರಲಿಲ್ಲ. ಒಂದು ಕುರ್ಚಿ ಕೊಟ್ಟು ಫೈಲು ಜೋಡಿಸಲು ಕೂರಿಸುತ್ತಿದ್ದರು, ಅಷ್ಟೆ. ಅವಳಿಗೆ ಬೇಡವಾಗಿದ್ದದ್ದೂ ಅದೇ. ಬೀದಿಯ ಮಕ್ಕಳು ಸಹ ಮೂಗಿನಕ್ಕ ಬಂದ್ರು ಎಂದು ಕೂಗುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಆ ಹೆಸರಿಲ್ಲದ ಮೇಲೆ ತಾನು ಯಾರು ಎಂಬುದು ಅವಳಿಗೇ ಗೊತ್ತಿರಲಿಲ್ಲ. ಅವಳು ಹೆದರಿದ್ದಳು, ನಾಚಿದ್ದಳು, ಸುಳ್ಳು ಹೇಳಿದಳು.

ದಿನಾ ಬೆಳಿಗ್ಗೆ ಶೀಶೆ ಮೂಸಿ ಮುಖ ಸಿಂಡರಿಸುವುದನ್ನು ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ನಿಜವಾಗಿ ವಾಸನೆ ಹಿಡಿದವರಿಗಿಂತ ಇವಳ ಮುಖವೇ ಹೆಚ್ಚು ಕೆಡುತ್ತಿತ್ತು. ಹಾಗೆಂದು ಕೆಲಸದಲ್ಲಿ ಮೈಗಳ್ಳತನ ಮಾಡಲಿಲ್ಲ. ಒಂದು ಸಲ ನಡೆಯಬೇಕಾದ ಬೀದಿಯಲ್ಲಿ ಎರಡು ಸಲ ನಡೆದಳು. ಪೆಟ್ಟಿಗೆಯ ಕಡ್ಡಿಯನ್ನು ಪ್ರತಿ ಸಂದಿಗೂ ತೂರಿಸಿದಳು, ಅನುಮಾನ ಬಂದ ಜೋಡಣೆಗೆಲ್ಲ ಸೋಪು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಕಾದಳು. ಪೆಟ್ಟಿಗೆ ಒಳ್ಳೆಯದೇ, ಎಲ್ಲ ಕಡೆಯೂ ನಂಬಬಹುದಾದದ್ದು. ಒಂದು ಕಡೆ ಮಾತ್ರ ಅದರ ಆಟ ನಡೆಯುತ್ತಿರಲಿಲ್ಲ, ಬೇಕರಿ ಬೀದಿಯ ಬೇಕರಿಯಲ್ಲಿ. ಅಲ್ಲಿ ಹುದುಗಿದ ಹಿಟ್ಟಿನಿಂದ ಏಳುವ ಆವಿಯನ್ನೂ ಅದು ಗ್ಯಾಸೆಂದೇ ತಿಳಿದು ಟಿಕ್ ಟಿಕ್ ಎನ್ನುತ್ತಿತ್ತು. ಸುಮ್ಮನಿರೋ, ಅದು ಹಿಟ್ಟು ಎಂದು ಪೆಟ್ಟಿಗೆಗೆ ಗದರಿಸಿ, ಮೂಗಿನ ಮಾತು ಕೇಳಿಯೇ ಅಲ್ಲಿ ಸಹಿ ಹಾಕುವುದು ಮೊದಲಿನಿಂದ ಬಂದ ಪದ್ಧತಿ.

ಅದೇ ವರ್ಷ ನಗರಸಭೆಯವರು ಗ್ಯಾಸ್ ಲೈನನ್ನೇ ಮುಚ್ಚಲು ಮೂರು ವರ್ಷದ ಗಡುವು ಹಾಕಿಕೊಂಡಿದ್ದರು. ಊರಾಚೆಯ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿದ್ದವು, ಮಾಳಿಗೆಗಳ ಮೇಲೆ ಸೋಲಾರ್ ಹಲಗೆ ಬಂದಿದ್ದವು. ಒಂದು ಬೀದಿಯ ಎಲ್ಲ ಮನೆಯವರೂ ಒಪ್ಪಿ ಕರೆಂಟ್ ಒಲೆಗೆ ಬಂದರೆ ಆ ಬೀದಿಯ ಪೈಪು ಬಂದ್. ಒಟ್ಟು ಇಪ್ಪತ್ತಮೂರು ಬೀದಿ. ಪೈಪಿಲ್ಲದ ಬೀದಿಯಲ್ಲಿ ಮೂಸುವುದೇನು? ಎಲ್ಲ ಬೀದಿಗಳೂ ಬೇಗ ಮುಚ್ಚಿಹೋದರೆ ತನ್ನ ಗುಟ್ಟೂ ಅದರೊಂದಿಗೇ ಮುಚ್ಚಿಹೋಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಾರನೆಯ ದಿನದಿಂದಲೇ ಅವಳು ಪೆಟ್ಟಿಗೆಯ ಜೊತೆಗೆ ನಾಲಿಗೆಯನ್ನೂ ಕೆಲಸಕ್ಕೆ ಹಚ್ಚಿದಳು.

ಮೊದಲ ಬೀದಿಯಲ್ಲೇ ಒಬ್ಬ ಅಜ್ಜಿ ಅಡ್ಡ ನಿಂತಳು. "ಬೆಂಕಿನೇ ಕಾಣದ ಒಲೆ ಅದೆಂಥ ಒಲೆಯೇ? ಉರಿ ದೊಡ್ಡದಾಯ್ತೋ ಸಣ್ಣದಾಯ್ತೋ ನಂಗೆ ಹೇಗೆ ಗೊತ್ತಾಗ್ಬೇಕು?"

"ನಿಮ್ಮ ಸೊಸೆ ಸಿಟ್ಟಾದಾಗ ಹೊಗೆ ಕಾಣುತ್ತಾ ಅಜ್ಜಿ? ಗೊತ್ತಾಗಲ್ವಾ?"

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ಮೂಗಿನಕ್ಕ ತಂದಿದ್ದ ಮಾದರಿ ಒಲೆಯ ಮೇಲೆ ಹಾಲಿಟ್ಟು, ಪಾತ್ರೆಯ ಪಕ್ಕದಲ್ಲೇ ಅಂಗೈ ಊರಿ ನೋಡಿದಳು, ಸುಡಲಿಲ್ಲ. ಹಾಲು ಉಕ್ಕಿತು. ಅಜ್ಜಿ ಅಡುಗೆಮನೆಯ ಕಪ್ಪು ಗೋಡೆಯನ್ನೊಮ್ಮೆ ನೋಡಿ, "ಐವತ್ತು ವರ್ಷ ಈ ಗೋಡೆ ತಿಕ್ಕಿದೀನಿ ಕಣೇ," ಎಂದಳು. ಒಪ್ಪಿಗೆಯ ಕಾಗದಕ್ಕೆ ಆ ಬೀದಿಯಲ್ಲಿ ಮೊದಲ ಸಹಿ ಅವಳದೇ.

ಇನ್ನೊಂದು ಬೀದಿಯ ನಿವೃತ್ತ ಗುಮಾಸ್ತರು ಹಾಗೆ ಸುಲಭಕ್ಕೆ ಬಗ್ಗುವವರಲ್ಲ. "ಆ ಕರೆಂಟೂ ಎಲ್ಲೋ ಕಲ್ಲಿದ್ದಲು ಸುಟ್ಟೇ ಬರೋದು ತಾನೇ? ಹೊಗೆ ಇಲ್ಲಿಂದ ಅಲ್ಲಿಗೆ ಹೋಯ್ತು, ಅಷ್ಟೇ," ಎಂದರು. ಅವಳಿಗೆ ಉತ್ತರ ತಿಳಿಯಲಿಲ್ಲ. ತಿಳಿಯದ್ದನ್ನು ತಿಳಿದಂತೆ ನಟಿಸುವುದು ದಿನಕ್ಕೊಂದು ಸಲ ಸಾಕೆಂದು ನೇರವಾಗಿ ಆಫೀಸಿನ ಇಂಜಿನಿಯರಮ್ಮನನ್ನು ಕೇಳಿದಳು. ಇಂಜಿನಿಯರಮ್ಮ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಲೈನಿನ ಕೆಲಸವನ್ನು ಇವಳ ಹಿಂದೆ ನಡೆದೇ ಕಲಿತವಳು. ಕಾಗದ ತೆಗೆದು ತೋರಿಸಿದಳು. ನಮ್ಮ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಈಗಲೇ ಗಾಳಿ ಬಿಸಿಲಿನದು, ಕಲ್ಲಿದ್ದಲಿನ ಪಾಲು ವರ್ಷ ವರ್ಷ ಇಳಿಯುತ್ತಿದೆ. ಮೂಗಿನಕ್ಕ ಅದನ್ನು ತನ್ನ ಭಾಷೆಗೆ ಹೊಲಿದುಕೊಂಡು ಹೋಗಿ ಗುಮಾಸ್ತರಿಗೆ ಹೇಳಿದಳು. "ಸ್ವಾಮಿ, ಕರೆಂಟ್ ಒಲೆ ಇವತ್ತು ಸ್ವಲ್ಪ ಕಲ್ಲಿದ್ದಲು ತಿನ್ನುತ್ತೆ, ನಾಳೆ ಬಿಡುತ್ತೆ. ಗ್ಯಾಸ್ ಒಲೆ ಇನ್ನು ಇಪ್ಪತ್ತು ವರ್ಷ ಆದ್ಮೇಲೂ ಗ್ಯಾಸೇ ತಿನ್ಬೇಕು. ಅದಕ್ಕೆ ಬೇರೆ ಊಟ ಗೊತ್ತಿಲ್ಲ." ಗುಮಾಸ್ತರು ಸಹಿ ಹಾಕಿದರು. ಹಾಕುವ ಮೊದಲು ಕಾಗದವನ್ನು ಎರಡು ಸಲ ಓದಿ ಒಂದು ಕಾಗುಣಿತದ ತಪ್ಪು ತಿದ್ದಿದರು.

ಹೀಗೆ ಹೇಳುತ್ತ ಹೇಳುತ್ತ ಅವಳಿಗೇ ಅದು ನಾಟಿತು. ಒಂದು ರಜೆಯ ದಿನ ಬೀದಿಯ ಹೆಂಗಸರನ್ನು ಬಸ್ಸಿನಲ್ಲಿ ಗುಡ್ಡಕ್ಕೆ ಕರೆದುಕೊಂಡು ಹೋಗಿ ಗಾಳಿಯಂತ್ರದ ಬುಡದಲ್ಲಿ ನಿಲ್ಲಿಸಿದಳು. ಮೇಲೆ ರೆಕ್ಕೆಗಳು ಬುಸ್ ಬುಸ್ ಎಂದು ತಿರುಗುತ್ತಿದ್ದವು. ಇಷ್ಟು ಕಾಲ ನೆಲದ ಕೆಳಗಿನಿಂದ ಬಂದದ್ದನ್ನು ಸುಟ್ಟು, ಅದು ಸೋರಿತೇ ಎಂದು ಹೆದರಿ ಮೂಸಿ, ಮತ್ತೆ ಸುಟ್ಟು ಬದುಕಿದ್ದಾಯಿತು. ಇದು ಸೋರಿದರೂ ಗಾಳಿಯೇ ಎಂದು ಅವಳಿಗೆ ಹೊಳೆದು ನಗು ಬಂತು. ಒಳ್ಳೆಯ ಕೆಲಸಕ್ಕೆ ಕಳ್ಳ ಕಾರಣದಿಂದ ಇಳಿದವಳು ಆಮೇಲಾಮೇಲೆ ಮನಸಿಟ್ಟೇ ಮಾಡಿದಳು. ಹತ್ತು ತಿಂಗಳಲ್ಲಿ ಇಪ್ಪತ್ತೆರಡು ಬೀದಿಗಳು ಮುಚ್ಚಿದವು. ಅವಳ ಮೂಗು ಮಾತ್ರ ಹೋದದ್ದು ಹೋಗಿಯೇ ಇತ್ತು.

ಉಳಿದದ್ದು ಬೇಕರಿ ಬೀದಿ. ಹದಿನೇಳು ಮನೆ, ಒಂದು ಬೇಕರಿ. ಹದಿನೇಳು ಮನೆಯವರೂ ಸಹಿ ಹಾಕಿ ಕರೆಂಟ್ ಒಲೆ ತಂದುಕೊಂಡಿದ್ದರು, ಬೇಕರಿಯವನು ಸಹಿ ಹಾಕಲಿಲ್ಲ. ದಪ್ಪ ತೋಳಿನ, ಹುಬ್ಬಿನಲ್ಲೂ ಹಿಟ್ಟು ಮೆತ್ತಿಕೊಂಡಿರುವ ಮನುಷ್ಯ. ಅವನ ಮಗಳೇ ಈಗ ಅರ್ಧ ಬೇಕರಿ ನಡೆಸುತ್ತಿದ್ದಳು, ಅವಳಿಗೆ ಕರೆಂಟ್ ಒಲೆ ಬೇಕಿತ್ತು. ಅಪ್ಪನದು ಒಂದೇ ಪಟ್ಟು.

"ನಮ್ಮಪ್ಪ ಸೌದೆ ಬಿಟ್ಟು ಗ್ಯಾಸಿಗೆ ಬಂದಾಗ ನಮ್ಮ ತಾತ ಮೂರು ದಿನ ಬ್ರೆಡ್ ಮುಟ್ಟಲಿಲ್ಲ, ಗೊತ್ತಾ?" ಎನ್ನುತ್ತಿದ್ದ.

"ನಾಲ್ಕನೇ ದಿನ ತಿಂದ್ರಲ್ಲ," ಎನ್ನುತ್ತಿದ್ದಳು ಮೂಗಿನಕ್ಕ. "ನೀವು ನಿಮ್ಮಪ್ಪನ ಹಾಗೆ ಆಗಿ ಅಂದ್ರೆ ತಾತನ ಹಾಗೆ ಆಗ್ತಿದೀರಿ."

ಅವರಿಬ್ಬರ ನಡುವೆ ಒಂದು ಹಳೆಯ ಆಟವಿತ್ತು. ಹದಿನೈದು ದಿನಕ್ಕೊಮ್ಮೆ ಅವಳು ಬಂದಾಗ ಅವನು ಬಾಗಿಲಲ್ಲೇ ತಡೆದು, ಒಲೆಯಲ್ಲಿ ಇವತ್ತೇನಿದೆ ಹೇಳಿ ಒಳಗೆ ಬನ್ನಿ ಎನ್ನುತ್ತಿದ್ದ. ಅವಳು ಅಲ್ಲೇ ನಿಂತು ಬನ್ನು, ಕೇಕು, ಬೆಣ್ಣೆ ಬಿಸ್ಕತ್ತು ಎಂದು ಹೇಳಿಬಿಡುತ್ತಿದ್ದಳು. ಮೂಗು ಹೋದ ಮೇಲೆ ಅವಳು ಬೇಕರಿಯ ವಾರದ ವೇಳಾಪಟ್ಟಿಯನ್ನೇ ಬಾಯಿಪಾಠ ಮಾಡಿಕೊಂಡಿದ್ದಳು. ಬುಧವಾರ ಬೆಳಿಗ್ಗೆಯೆಂದರೆ ಬೆಣ್ಣೆ ಬಿಸ್ಕತ್ತು.

ಆ ಬುಧವಾರ ಮಗಳು ಫೋನಿನಲ್ಲಿ ಮಾತಾಡುತ್ತ ಮೈಮರೆತು ಎರಡು ತಟ್ಟೆ ಬಿಸ್ಕತ್ತನ್ನು ಇದ್ದಿಲು ಮಾಡಿದ್ದಳು. ಕಿಟಕಿ ತೆರೆದು ಹೊಗೆಯನ್ನು ಓಡಿಸಿದ್ದರು, ಸುಟ್ಟ ಸಕ್ಕರೆಯ ಕಮಟು ಮಾತ್ರ ಗೋಡೆಗಂಟಿಕೊಂಡು ಕೂತಿತ್ತು. ಬೀದಿಯ ತುದಿಯವರೂ ಮೂಗು ಮುಚ್ಚಿಕೊಂಡಿದ್ದರು. ಮೂಗಿನಕ್ಕ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದಳು.

"ಬೆಣ್ಣೆ ಬಿಸ್ಕತ್ತು. ಇವತ್ತು ಹದವಾಗಿ ಬಂದಿದೆ."

ಮಗಳು ಕೊಂಕು ಮಾತೆಂದುಕೊಂಡು ಮುಖ ಊದಿಸಿ ಮೇಲಿನ ಕೋಣೆಗೆ ಹೋದಳು. ಬೆಳಗಿನ ಜಾವ ಎದ್ದು ಹಿಟ್ಟು ನಾದುವ ಹುಡುಗಿ, ಈ ಹೊತ್ತಿನಿಂದ ಮಧ್ಯಾಹ್ನ ಇಳಿಯುವವರೆಗೆ ಒಲೆಯ ಮೇಲಿನ ಆ ಕೋಣೆಯಲ್ಲಿ ಮಲಗುವುದು ರೂಢಿ. ಬೇಕರಿಯವನು ಮಾತ್ರ ಮೂಗಿನಕ್ಕನ ಮುಖವನ್ನೇ ನೋಡುತ್ತ ನಿಂತ. ಅವಳು ಕೊಂಕು ಆಡುವವಳಲ್ಲವೆಂದು ಅವನಿಗೆ ಗೊತ್ತಿತ್ತು.

"ಎಷ್ಟು ದಿನ ಆಯ್ತು?" ಎಂದು ಮೆಲ್ಲಗೆ ಕೇಳಿದ.

ಅವಳು ರಿಜಿಸ್ಟರನ್ನು ಎದೆಗವಚಿಕೊಂಡಳು. ಮುಖವೇ ಎಲ್ಲ ಹೇಳಿತು.

ಬೇಕರಿಯವನು ಕೈ ಒರೆಸಿಕೊಂಡ. ಕೆಟ್ಟವನಲ್ಲ ಅವನು, ಹಟಮಾರಿ. ಹಟಮಾರಿಗೆ ಕೈಗೆ ಸಿಕ್ಕಿದ್ದೇ ಕೋಲು. "ನೋಡಿ ಅಕ್ಕ, ನೀವು ನನ್ನ ಒಲೆ ತಂಟೆಗೆ ಬರ್ಬೇಡಿ, ನಾನು ನಿಮ್ಮ ಮೂಗಿನ ತಂಟೆಗೆ ಬರಲ್ಲ. ಇಬ್ಬರಿಗೂ ಕ್ಷೇಮ," ಎಂದ.

ಅವಳು ತಲೆಯಾಡಿಸಿದಳು. ಇಪ್ಪತ್ತಾರು ವರ್ಷ ಆ ಬೀದಿಯಲ್ಲಿ ತಲೆಯೆತ್ತಿ ನಡೆದವಳು ಅವತ್ತು ಅಂಗಡಿಯ ಮೆಟ್ಟಿಲಿಳಿಯುವಾಗ ತನ್ನ ಬೂಟುಗಳನ್ನೇ ನೋಡುತ್ತಿದ್ದಳು.

ಮುಂದಿನ ಎರಡು ವಾರ ಅವಳು ಬೇಕರಿಯ ಮಾತೆತ್ತಲಿಲ್ಲ. ಇಂಜಿನಿಯರಮ್ಮ ಕೇಳಿದರೆ, ಬಿಡಿ ಮೇಡಂ, ಅವನು ತಾನಾಗೇ ಬರ್ತಾನೆ ಎಂದಳು. ಮತ್ತೆ ಬುಧವಾರ ಬಂತು. ಬೇಕರಿಗೆ ಹೋದಳು. ಈಗ ಬಾಗಿಲಲ್ಲಿ ಆಟವಿರಲಿಲ್ಲ, ಬೇಕರಿಯವನು ಕಣ್ಣು ತಪ್ಪಿಸಿ ದಾರಿ ಬಿಟ್ಟ. ಒಲೆಯ ಹತ್ತಿರ ಪೆಟ್ಟಿಗೆ ಎಂದಿನಂತೆ ಟಿಕ್ ಟಿಕ್ ಎಂದಿತು. ಮುಳ್ಳು ಯಾವಾಗಲೂ ಐದರ ಹತ್ತಿರ ನಿಲ್ಲುತ್ತಿತ್ತು, ಅವತ್ತು ಏಳರ ಹತ್ತಿರ ನಿಂತಿತು. ಸೆಕೆ ಹೆಚ್ಚಿದೆ, ಹಿಟ್ಟು ಹೆಚ್ಚು ಹುದುಗಿರಬೇಕು ಎಂದುಕೊಂಡಳು. ಒಲೆಯ ಹಿಂದೆ ಗೋಡೆಗಂಟಿದ ಜೋಡಣೆಗೆ ಕಡ್ಡಿ ಹೋಗುವುದಿಲ್ಲ, ಸೋಪು ನೀರಿನ ಕೈಯೂ ಹೋಗುವುದಿಲ್ಲ. ಸಹಿ ಹಾಕಿ ಮನೆಗೆ ಊಟಕ್ಕೆ ಹೋದಳು.

ಮನೆಯಲ್ಲಿ ಗಂಡ ಇಸ್ತ್ರಿ ಮಾಡುತ್ತಿದ್ದ. ಅವಳು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು.

"ಹೇಳೋದಿದ್ರೆ ಹೇಳು," ಎಂದ ಗಂಡ, ಇಸ್ತ್ರಿಯಿಂದ ಕಣ್ಣೆತ್ತದೆ.

"ಏನು?"

"ಹೋದ ವರ್ಷ ಗಿರಾಕಿಯ ಪ್ಯಾಂಟೊಂದು ಸುಟ್ಟೆ ನೋಡು. ಇಡೀ ಮನೆ ನಾರ್ತಿತ್ತು. ನೀನು ಅಲ್ಲೇ ಪಕ್ಕದಲ್ಲಿ ಕೂತು ಗುಂಡಿ ಹೊಲೀತಿದ್ದೆ, ಕತ್ತೂ ಎತ್ತಲಿಲ್ಲ. ಅವತ್ತೇ ಗೊತ್ತಾಯ್ತು ನಂಗೆ."

"ಒಂದು ಮಾತು ಕೇಳ್ಬಾರ್ದಿತ್ತಾ?"

"ನೀನಾಗೇ ಹೇಳ್ತೀಯ ಅಂತ ಕಾದೆ. ಆಮೇಲೆ ಕೇಳೋಕೆ ಭಯ ಆಯ್ತು. ಪೆಟ್ಟಿಗೆ ಇದೆಯಲ್ಲ ಅಂತ ಸಮಾಧಾನ ಮಾಡ್ಕೊಂಡೆ. ಪೆಟ್ಟಿಗೆ ಸಾಕಲ್ವಾ, ಎಲ್ಲಾ ಕಡೆ?"

"ಎಲ್ಲಾ ಕಡೆ ಸಾಕು," ಎಂದಳು ಅವಳು. "ಬೇಕರಿಲಿ ಬಿಟ್ಟು."

ತನ್ನ ಬಾಯಿಂದ ಬಂದ ಮಾತನ್ನು ತಾನೇ ಕೇಳಿಸಿಕೊಂಡಳು. ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. ಐದಲ್ಲ, ಏಳು. ಹಿಟ್ಟೋ ಗ್ಯಾಸೋ ಅಲ್ಲಿ ಹೇಳಬೇಕಾದದ್ದು ಅವಳ ಮೂಗು, ಆ ಮೂಗು ಹನ್ನೊಂದು ತಿಂಗಳಿಂದ ಇಲ್ಲ. ಅವಳು ಕೈಯನ್ನೂ ತೊಳೆಯದೆ ಎದ್ದಳು. ಗಂಡ ಇಸ್ತ್ರಿಯ ಸ್ವಿಚ್ಚು ತೆಗೆದು, ಅವಳ ಕೋಟನ್ನು ತಂದು ಹಿಂದಿನಿಂದ ತೊಡಿಸಿದ.

ಇಂಜಿನಿಯರಮ್ಮನ ಮೇಜಿನ ಮುಂದೆ ಅವಳು ಕೂರಲಿಲ್ಲ. "ಮೇಡಂ, ನಂಗೆ ವಾಸನೆ ಬರಲ್ಲ. ಹನ್ನೊಂದು ತಿಂಗಳಾಯ್ತು. ರಿಜಿಸ್ಟರಲ್ಲಿ ಮೂಗಿನ ಹೆಸರಲ್ಲಿ ಬರೆದಿದ್ದೆಲ್ಲ ಸುಳ್ಳು. ಬೈಯೋದು ಆಮೇಲೆ ಬೈರಿ, ಮೊದಲು ಬೇಕರಿಗೆ ಯಾರನ್ನಾದ್ರೂ ಕಳಿಸಿ," ಎಂದು ಒಂದೇ ಉಸಿರಿಗೆ ಹೇಳಿದಳು.

ಇಂಜಿನಿಯರಮ್ಮನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. "ನಾನು ಈ ಕೆಲಸ ಕಲಿತಿದ್ದು ನಿಮ್ಮ ಹಿಂದೆ ನಡೆದು ಅಕ್ಕ," ಎಂದಳು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು. ಆದರೆ ಬೇಕರಿಯವನಿಗೆ ಫೋನ್ ಮಾಡಿ ಒಲೆ ಆರಿಸಲು ಹೇಳುತ್ತಲೇ ಅವಳು ಎದ್ದಿದ್ದಳು. "ಉದ್ದಣ್ಣನ್ನ ಕರೀರಿ. ನೀವೂ ಬನ್ನಿ. ಬೀದಿಯ ಪ್ರತಿ ಮನೆಗೂ ನೀವೇ ನಿಮ್ಮ ಬಾಯಿಂದ ಹೇಳ್ಬೇಕು."

"ಹೇಳ್ತೀನಿ."

ಬೇಕರಿಯವನು ಫೋನಿಗೆ ಹೂಂ ಎಂದಿದ್ದನೇ ಹೊರತು ಒಲೆ ಆರಿಸಿರಲಿಲ್ಲ. ಸಂಜೆಯ ಬನ್ನು ಒಳಗಿತ್ತು. ಮೂವರನ್ನೂ ಒಟ್ಟಿಗೆ ಕಂಡಾಗ ಅವನಿಗೆ ವಿಷಯ ತಿಳಿಯಿತು, ಹಿಡಿದಿದ್ದ ಕೋಲು ಮುರಿಯಿತೆಂದೂ ತಿಳಿಯಿತು. ಉದ್ದಣ್ಣ ತಲೆ ಬಗ್ಗಿಸಿ ಒಳಗೆ ಬಂದ. "ಹಿಟ್ಟು," ಎಂದ. ಎರಡು ಹೆಜ್ಜೆ ಮುಂದಿಟ್ಟ. "ಬೆಣ್ಣೆ, ಏಲಕ್ಕಿ." ಒಲೆಯನ್ನು ಬಳಸಿ, ಮೇಲಿನ ಕೋಣೆಗೆ ಹೋಗುವ ಮೆಟ್ಟಿಲಿನ ಕೆಳಗೆ ಹೋದವನು ತಟ್ಟನೆ ನಿಂತ. ಮಾತಾಡದೆ ಒಂದು ಕೈ ಮೇಲೆತ್ತಿದ. ಲೈನಿನವರಿಗೆಲ್ಲ ಆ ಕೈಯ ಅರ್ಥ ಗೊತ್ತು.

ಆಮೇಲಿನದೆಲ್ಲ ಚಕಚಕನೆ ನಡೆಯಿತು. ಇಂಜಿನಿಯರಮ್ಮ ಹೊರಗೋಡಿ ಬೇಕರಿಯ ವಾಲ್ವ್ ತಿರುಗಿಸಿದಳು. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಎಂದು ಉದ್ದಣ್ಣ ಕೂಗಿದ. ಮೂಗಿನಕ್ಕ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಮಲಗಿದ್ದ ಹುಡುಗಿಯನ್ನು ಎಬ್ಬಿಸಿ, ಚಪ್ಪಲಿಯನ್ನೂ ಹಾಕಗೊಡದೆ ಕೆಳಗಿಳಿಸಿ ಬೀದಿಯ ಆಚೆ ಬದಿಗೆ ತಂದು ನಿಲ್ಲಿಸಿದಳು. ಒಂದು ಗಂಟೆಯ ನಂತರ, ಗಾಳಿಯಾಡಿ ಎಲ್ಲ ತಣ್ಣಗಾದ ಮೇಲೆ, ನಾಲ್ಕು ಜನ ಸೇರಿ ಒಲೆಯನ್ನು ಗೋಡೆಯಿಂದ ಸರಿಸಿದರು. ಹಿಂದಿನ ಜೋಡಣೆಯಲ್ಲಿ ಕೂದಲೆಳೆಯ ಬಿರುಕು. ಸೋರಿದ್ದು ಮೆಟ್ಟಿಲಿನ ಪೊಳ್ಳಿನೊಳಗೆ ಸೇರಿ ಮೇಲಿನ ಕೋಣೆಯ ಕಡೆಗೇ ಏರುತ್ತಿತ್ತು. ದಿನಾ ಚೂರು ಚೂರೇ ಹೆಚ್ಚಾದದ್ದರಿಂದ ಅಪ್ಪ ಮಗಳ ಮೂಗುಗಳು ಅದಕ್ಕೆ ಒಗ್ಗಿಹೋಗಿದ್ದವು. ಇನ್ನು ನಾಲ್ಕು ದಿನ ತಡೆದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದ ಉದ್ದಣ್ಣ.

ಬೇಕರಿಯವನು ಎದುರಿನ ಕಟ್ಟೆಯ ಮೇಲೆ ಕೂತಿದ್ದ. ಮಗಳು ಬರಿಗಾಲಲ್ಲಿ ಅವನ ಮುಂದೆ ನಿಂತಿದ್ದಳು.

"ಅಕ್ಕ ಹೋದ ಸಲಾನೂ ಬಂದು ನೋಡಿದ್ರಲ್ಲಪ್ಪ. ಅವರಿಗೆ ಯಾಕೆ ಗೊತ್ತಾಗ್ಲಿಲ್ಲ?"

"ಅವರಿಗೆ ವಾಸನೆ ಬರಲ್ಲ ಮಗಳೇ," ಎಂದ ಅವನು. "ಎರಡು ವಾರದಿಂದ ನಂಗೆ ಗೊತ್ತಿತ್ತು. ಒಳ್ಳೇದೇ ಆಯ್ತು ಅಂದ್ಕೊಂಡೆ."

ಮೂಗಿನಕ್ಕ ಅವನ ಪಕ್ಕದಲ್ಲಿ ಕೂತಳು. ಅವನೊಬ್ಬನ ಮೇಲೆ ಆ ಮಾತು ಬೀಳಲು ಬಿಡುವಷ್ಟು ಅವಳು ಇನ್ನೂ ಕೆಟ್ಟಿರಲಿಲ್ಲ. "ನಂಗೆ ಹನ್ನೊಂದು ತಿಂಗಳಿಂದ ಗೊತ್ತಿತ್ತು," ಎಂದಳು. "ತಪ್ಪು ನಂದು. ನಾಚಿಕೆಗೆ ಬಾಯಿ ಮುಚ್ಕೊಂಡಿದ್ದೆ."

ಹುಡುಗಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಕೂಗಾಡಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಅವಳು ಕೂಗಾಡಲಿಲ್ಲ.

"ಇಬ್ಬರೂ ದೊಡ್ಡವರು," ಎಂದಳು. "ಇಬ್ಬರೂ ಒಂದೊಂದು ಗುಟ್ಟು ಇಟ್ಕೊಂಡ್ರಿ. ಅದರ ಮೇಲೆ ಮಲಗ್ತಿದ್ದವಳು ನಾನು."

ಮೂಗಿನಕ್ಕ ಅತ್ತಳು, ಬೀದಿಯಲ್ಲಿ ಎಲ್ಲರೂ ನೋಡುತ್ತಿರುವಂತೆಯೇ. ಬೇಕರಿಯವನು ಹಿಟ್ಟಿನ ಕೈಯಲ್ಲೇ ಮುಖ ಉಜ್ಜಿಕೊಂಡ.

ಇಂಜಿನಿಯರಮ್ಮ ಒಪ್ಪಿಗೆಯ ಕಾಗದ ಹಿಡಿದುಕೊಂಡು ಬಂದು ನಿಂತಳು. ಬೇಕರಿಯವನು ಓದದೆ ಸಹಿ ಹಾಕಿದ. ಸಹಿ ಅಂಕುಡೊಂಕಾಗಿ ಬಂತು, ಮಗಳು ಅದರ ಕೆಳಗೆ ತನ್ನದನ್ನೂ ಹಾಕಿದಳು. "ಬೀದಿ ಪೈಪು ಮುಚ್ಚಿಬಿಡಿ ಮೇಡಂ," ಎಂದಳು.

ಬೀದಿಯ ತುದಿಯಲ್ಲಿ ನೆಲದ ಕಬ್ಬಿಣದ ಮುಚ್ಚಳ ಎತ್ತಿದರೆ ಊರಿನ ಕೊನೆಯ ವಾಲ್ವ್. ಉದ್ದಣ್ಣ ಉದ್ದನೆಯ ಚಾವಿ ತಂದು ಮೂಗಿನಕ್ಕನ ಕೈಗೆ ಕೊಟ್ಟ. ಅವಳು ಬೇಡವೆಂದಳು. ಇಂಜಿನಿಯರಮ್ಮ, "ತಿರುಗಿಸಿ ಅಕ್ಕ, ಆಮೇಲೆ ಹೇಳೋ ಕೆಲಸ ಬಾಕಿ ಇದೆ," ಎಂದಳು. ಅವಳ ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಚಾವಿ ಬಿಗಿಯಾಗಿತ್ತು. ಬೇಕರಿಯವನು ಎದ್ದು ಬಂದು ಇನ್ನೊಂದು ಬದಿಗೆ ಕೈ ಕೊಟ್ಟ. ಇಬ್ಬರೂ ಸೇರಿ ಒಂಬತ್ತು ಸುತ್ತು ತಿರುಗಿಸಿದರು, ಹತ್ತನೆಯದಕ್ಕೆ ಅದು ನಿಂತಿತು. ಆಮೇಲೆ ಮೂಗಿನಕ್ಕ ಮುಖ ಒರೆಸಿಕೊಂಡು ಮೊದಲ ಮನೆಯ ಬಾಗಿಲು ತಟ್ಟಲು ಹೋದಳು. ಅದಾದ ಮೇಲೆ ಇನ್ನೂ ಹದಿನಾರು ಮನೆಗಳಿದ್ದವು.